ಅಕ್ಕನ ಬಿದಿರು ಕನ್ನಡಕ

ಅಕ್ಕನ ಕನ್ನಡಕದ ಗಾಜು ಕುದಿಯುವ ನೀರಿಗೆ ಬಿದ್ದ ಸುದ್ದಿ ನನಗೆ ತಿಳಿದದ್ದು ಅವಳ ಕೈ ನೋಡಿದ ಮೇಲೆ. ಭಾನುವಾರ ರಜೆ ಅಂತ ಚಾಮರಾಜನಗರದಿಂದ ಬಸ್ಸು ಹತ್ತಿ ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದಿದ್ದಳು. ಬಲಗೈ ಬೆರಳುಗಳ ಮೇಲೆಲ್ಲ ಬೊಬ್ಬೆ ಎದ್ದಿದ್ದವು. "ಗಾಜು ಬೇಸಿನ್ನಿಗೆ ಬಿತ್ತು ಕಣಮ್ಮಿ, ಕೈ ಆಕಿ ತಗುದೆ" ಅಂದಳು, ಕೊಡ ಜಾರಿ ಬಾವಿಗೆ ಬಿತ್ತು ಅನ್ನುವಷ್ಟೇ ಸಲೀಸಾಗಿ. ನನಗೆ ಸಿಟ್ಟು ನೆತ್ತಿಗೇರಿತು. ಗಾಜು ಹೋದರೆ ಇನ್ನೊಂದು ಹಾಕಿಸಬಹುದು, ಕೈ ಹೋದರೆ ಯಾರು ಹಾಕಿಸುತ್ತಾರೆ ಎಂದು ಕೂಗಾಡಿದೆ. ಅವಳು ನಕ್ಕು, "ಗಾಜಿಲ್ದೆ ಬರೀ ಕೈ ಇಟ್ಕೊಂಡು ಏನ್ಮಾಡ್ಲಿ" ಅಂದಳು.

ಅವಳ ಮಾತೂ ಸುಳ್ಳಲ್ಲ. ಅಕ್ಕ ಕೆಲಸ ಮಾಡುತ್ತಿದ್ದದ್ದು ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ. ಒಬ್ಬೊಬ್ಬ ಹೆಂಗಸಿನ ಮುಂದೆ ಒಂದೊಂದು ಬಿಸಿನೀರಿನ ಬೇಸಿನ್. ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಒಂದೊಂದು ಗೂಡಿನ ಎಳೆಯ ತುದಿ ಹುಡುಕಿ, ಹತ್ತಾರು ಎಳೆ ಸೇರಿಸಿ ಒಂದು ನೂಲು ಮಾಡಿ ಮೇಲೆ ತಿರುಗುವ ರಾಟೆಗೆ ಕೊಡಬೇಕು. ಒಂದು ಗೂಡು ಮುಗಿದರೆ ತಕ್ಷಣ ಇನ್ನೊಂದರ ತುದಿ ಅಂಟಿಸಬೇಕು. ಎಳೆ ಕೂದಲಿಗಿಂತ ತೆಳ್ಳಗೆ. ಮೈಯೆಲ್ಲ ಕಣ್ಣಾಗಿ ಕೂರಬೇಕು ಅಂತ ನಾವು ಮಾತಿಗೆ ಹೇಳುತ್ತೇವಲ್ಲ, ಅದು ಆ ಶೆಡ್ಡಿನ ಹೆಂಗಸರಿಗೆ ಬರೀ ಮಾತಲ್ಲ. ನಲವತ್ತು ದಾಟುತ್ತಿದ್ದ ಅಕ್ಕನಿಗೆ ಹತ್ತಿರದ್ದು ಮಸುಕಾಗಿ, ಕನ್ನಡಕ ಬಂದಿತ್ತು. ಬೆಳಗಿನಿಂದ ಸಂಜೆಯವರೆಗೆ ಮುಖಕ್ಕೆ ಬಡಿಯುವ ಆವಿಗೆ ಪ್ಲಾಸ್ಟಿಕ್ ಫ್ರೇಮು ಮೆತ್ತಗಾಗಿ ಸೊಟ್ಟಗಾಗುತ್ತಿತ್ತು. ಸೊಟ್ಟಗಾದದ್ದರಿಂದ ಗಾಜು ಜಾರುತ್ತಿತ್ತು.

ಆ ಬೇಸಿನ್ ಮುಂದಿನ ಜಾಗ ಅವಳಿಗೆ ಎಷ್ಟು ಮುಖ್ಯ ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಕ್ಕನನ್ನು ಕೊಟ್ಟಿದ್ದು ಕುದೇರಿಗೆ, ಜಮೀನಿದ್ದ ಮನೆಗೆ. ಮಕ್ಕಳಾಗಲಿಲ್ಲ. ಭಾವ ಜ್ವರ ಬಂದು ಒಂದೇ ವಾರದಲ್ಲಿ ತೀರಿಕೊಂಡರು. ಅಲ್ಲಿಂದ ಮುಂದೆ ಅಕ್ಕ ಆ ಮನೆಯ ಹಿತ್ತಿಲ ಕಡೆಯ ಜಗಲಿಗೆ ಸರಿದಳು. ಯಾರೂ ಹೊಡೆಯಲಿಲ್ಲ, ಊಟಕ್ಕೆ ಕಡಿಮೆ ಮಾಡಲಿಲ್ಲ. ಆದರೆ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಅವಳು ಎದುರು ಬರಬಾರದು. ಮದುವೆಮನೆಯಲ್ಲಿ ಅಡುಗೆ ಕೋಣೆ ಬಿಟ್ಟು ಬರಬಾರದು. ಲಿಂಗ ಕಟ್ಟುವವರಲ್ಲಿ ಇಂಥದ್ದೆಲ್ಲ ಇಲ್ಲ ಅಂತ ಹಿರಿಯರು ಭಾಷಣ ಮಾಡುತ್ತಿದ್ದರು, ಭಾಷಣ ಮುಗಿಸಿ ಮನೆಗೆ ಬಂದು ಅದನ್ನೇ ಮಾಡುತ್ತಿದ್ದರು. ಕೊನೆಗೆ ಅಕ್ಕ ಹಟ ಹಿಡಿದು ಚಾಮರಾಜನಗರಕ್ಕೆ ಹೋಗಿ ನೂಲು ಬಿಚ್ಚುವುದು ಕಲಿತಳು. ಶೆಡ್ಡಿನ ಹಿಂದಿನ ಬೀದಿಯಲ್ಲಿ ಒಂದು ಕೊಠಡಿ ಮಾಡಿಕೊಂಡಳು. ಬೇಕೆಂದಾಗ ಬಾಗಿಲು ತೆಗೆಯುವ, ಬೇಕೆಂದಾಗ ಹಾಕಿಕೊಳ್ಳುವ ಮನೆ ಅವಳಿಗೆ ಸಿಕ್ಕಿದ್ದು ಅದೇ ಮೊದಲು.

ಅವಳ ಅತ್ತೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ದುಡಿ, ಬ್ಯಾಡ ಅನ್ನಕಿಲ್ಲ. ನಿನ್ ಮ್ಯಾಲೆ ಒಂದು ಮಾತು ಬಂತೋ, ಅವತ್ತೇ ಬಂದು ಅಟ್ಟಿಗೆ ಕರ್ಕೊಂಡೋಯ್ತೀನಿ" ಅಂದಿದ್ದರು. ನಮ್ಮ ಕಡೆ ಹಟ್ಟಿ ಅಂದರೆ ಮನೆ. ಆ ಹಟ್ಟಿಗೆ ವಾಪಸು ಹೋಗುವುದೆಂದರೆ ಏನೆಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳು ಕುದಿಯುವ ನೀರಿಗೆ ಕೈ ಹಾಕಿದ್ದು.

ಪ್ಲಾಸ್ಟಿಕ್ ಬೇಡ, ಕಬ್ಬಿಣದ್ದು ಹಾಕೋಣ ಅಂತ ಕನ್ನಡಕದ ಅಂಗಡಿ ಇಟ್ಟಿದ್ದ ನಮ್ಮ ಯಜಮಾನರು ಒಂದು ತಂತಿ ಫ್ರೇಮು ಕೊಟ್ಟು ನೋಡಿದರು. ಗಿಲೀಟಿನ ಓಲೆ ಹಾಕಿದರೇ ಕಿವಿ ಸೋರುವ ಮೈ ಅವಳದು. ಎರಡು ವಾರದಲ್ಲಿ ಮೂಗಿನ ಮೇಲೆ, ಕಿವಿಯ ಹಿಂದೆ ಹುಣ್ಣಾಗಿ ಕೀವು ತುಂಬಿತು. ಬೆವರು, ಆವಿ, ಆ ಬೇಸಿನ್ನಿನ ನೀರಿನ ನಾತ, ಅದರ ಮೇಲೆ ಹುಣ್ಣು. ಬಟ್ಟೆ ಸುತ್ತಿ ಹಾಕಿಕೊಂಡಳು. ಬಟ್ಟೆ ನೆನೆದು ಹುಣ್ಣು ಹೆಚ್ಚಾಯಿತು. ಕನ್ನಡಕ ತೆಗೆದರೆ ಎಳೆ ಕಾಣದು. ನೂಲಿನಲ್ಲಿ ಗಂಟು ಹೆಚ್ಚಾಗುತ್ತಿದೆ, ಹೀಗೇ ಆದರೆ ಬೇರೆಯವರನ್ನು ಕೂರಿಸುತ್ತೇನೆ ಅಂತ ಮಾಲೀಕ ಒಂದು ಸಲ ಹೇಳಿಯೂ ಆಗಿತ್ತು.

ನಮ್ಮ ಯಜಮಾನರ ಅಂಗಡಿ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ. ಅರ್ಧ ವಾಚು ರಿಪೇರಿ, ಅರ್ಧ ಕನ್ನಡಕ. ಕೇರಳದ ಬಸ್ಸಿಗೆ ಕಾಯುವವರು, ಸುತ್ತಲಿನ ಮೇಷ್ಟ್ರುಗಳು, ಸಂತೆಗೆ ಬಂದ ರೈತರು ಅವರ ಗಿರಾಕಿಗಳು. ಹೊಸ ಫ್ರೇಮು ಮೈಸೂರಿನಿಂದ ಬರುತ್ತಿತ್ತು, ಮುರಿದ ಹಳೆಯದು ಹಿತ್ತಿಲಿನ ಗೋಣಿಚೀಲಕ್ಕೆ ಹೋಗುತ್ತಿತ್ತು. ಚೀಲ ತುಂಬಿದಾಗ ಒಮ್ಮೆ ಸುಟ್ಟರು. ಕರೀ ಹೊಗೆ ಎದ್ದು ಪಕ್ಕದ ಮನೆಯವರು ಒಣಹಾಕಿದ ಬಟ್ಟೆಯೆಲ್ಲ ಮಸಿಯಾಗಿ, ನಾನು ಬೈಗುಳ ತಿಂದೆ. ಉಳಿದದ್ದನ್ನು ಹೂತರು. ಮಾರನೆಯ ವರ್ಷ ಬದನೆ ಗಿಡ ಹಾಕಲು ಅಗೆದರೆ ಫ್ರೇಮುಗಳು ಹೂತ ಹಾಗೇ ಹೊರಬಂದವು. "ಸುಟ್ರೂ ಓಗಲ್ಲ, ಊತ್ರೂ ಓಗಲ್ಲ, ದೆವ್ವ ಕಣೆ ಇದು" ಅಂದು ಕೂತವರು, ಆಮೇಲೆ ಮಣ್ಣಿಗೆ ಬಿದ್ದರೆ ಮಣ್ಣಾಗುವಂಥ ಫ್ರೇಮು ಮಾಡುತ್ತೇನೆ ಅಂತ ಹೊರಟರು. ಈಗ ಅಂಥದ್ದಕ್ಕೆ ಏನೇನೋ ದೊಡ್ಡ ಹೆಸರುಗಳಿವೆ. ಆಗ ಅದಕ್ಕೆ ನಾನು ಇಟ್ಟ ಹೆಸರು ಹುಚ್ಚು.

ಮೊದಲು ತೆಂಗಿನ ಕರಟ. ಅದು ನಯವಾಗಿ ಹೊಳೆಯುತ್ತಿತ್ತು, ಆದರೆ ಕರಟ ಎಲ್ಲಿ ನೋಡಿದರೂ ಬಾಗಿರುತ್ತದೆ, ಎರಡು ಕಣ್ಣಿಗೆ ಸಾಲುವ ಸಮ ತುಂಡು ಸಿಗುವುದಿಲ್ಲ. ಜೋಡಿಸಿದ ಕಡೆ ಬಿಟ್ಟುಕೊಳ್ಳುತ್ತಿತ್ತು. ಆಮೇಲೆ ಎಮ್ಮೆ ಕೊಂಬು. ಬಾಚಣಿಗೆ ಮಾಡುವವನೊಬ್ಬನಿಂದ ತಂದಿದ್ದರು. ಅಕ್ಕನಿಗೆ ಅದನ್ನೇ ಮಾಡಿಕೊಡಿ ಅಂದೆ. ಕೊಂಬನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿಯೇ ಬಾಗಿಸುವುದು, ಆವಿಯ ಮುಂದೆ ಅದೂ ಪ್ಲಾಸ್ಟಿಕ್ಕಿನ ಹಣೆಬರಹವೇ ಅಂದರು. ಅದೂ ಅಲ್ಲದೆ ಪೂಜೆ ಮಾಡುವ ಮುಖದ ಮೇಲೆ ಸತ್ತ ದನದ ಕೊಂಬೇ ಅಂತ ಕುದೇರಿನಲ್ಲಿ ಕೇಳಿದರೆ ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

ಉಳಿದದ್ದು ಬಿದಿರು. ಕಾಡಿನ ಬಿದಿರನ್ನು ಮುಟ್ಟುವ ಹಾಗಿಲ್ಲ. ಹಂಗಳದ ರೈತರೊಬ್ಬರ ಹೊಲದ ಬೇಲಿಯಲ್ಲಿ ಗಟ್ಟಿ ಬಿದಿರಿನ ಮೆಳೆ ಇತ್ತು, ಅವರ ಗಡಿಯಾರ ರಿಪೇರಿ ಮಾಡಿಕೊಟ್ಟಿದ್ದಕ್ಕೆ ನಾಲ್ಕು ಗಳ ಕೊಟ್ಟರು. ತೆಳ್ಳಗೆ ಸೀಳಿ, ಎರಡು ಪಟ್ಟಿಗಳನ್ನು ಅಡ್ಡ ಉದ್ದ ಅಂಟಿಸಿ, ಗಾಜು ಕೂರುವ ತೋಡು ಕೊರೆದು, ಹಳೆಯ ಫ್ರೇಮಿನ ಕೀಲು ಹಾಕಿದರೆ ಕನ್ನಡಕ. ಹಗುರ, ಬಿಸಿಗೆ ಬಾಗದು, ಚರ್ಮಕ್ಕೆ ಹಿತ. ನಮ್ಮ ಒಲೆಗೂ ಬಿದಿರ ಸಿಪ್ಪೆಯ ಬರವಿರಲಿಲ್ಲ. ಮೊದಲನೆಯದನ್ನು ಮೇಷ್ಟ್ರೊಬ್ಬರು ಇಷ್ಟಪಟ್ಟು ಹಾಕಿಕೊಂಡು ಹೋದರು. ಮಳೆಗಾಲ ಕಳೆಯುವುದರೊಳಗೆ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದರು. ಒಳಗೆಲ್ಲ ಹುಳು ಕೊರೆದು ಹಿಟ್ಟಾಗಿತ್ತು. ಪಾಠ ಮಾಡುವಾಗ ಮೂಗಿನ ಮೇಲೆ ಹಿಟ್ಟು ಸುರಿದು ಹುಡುಗರು ನಕ್ಕರಂತೆ. ಯಜಮಾನರು ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ಬಿದಿರನ್ನು ಬೇಯಿಸಿದರೆ ಹುಳು ಬೀಳುವುದಿಲ್ಲ ಅಂತ ಗೊತ್ತಿತ್ತು. ಅಷ್ಟು ಉದ್ದದ ಸೀಳು ಹಿಡಿಸುವ ಪಾತ್ರೆ ನಮ್ಮಲ್ಲಿರಲಿಲ್ಲ. ಕುದೇರಿನಲ್ಲಿ ಅಕ್ಕನ ಅತ್ತೆಮನೆಯಲ್ಲಿ ಆಗ ಅರಿಶಿನ ಕಿತ್ತು ಬೇಯಿಸುವ ಕಾಲ. ಕಣದ ತುದಿಯಲ್ಲಿ ದೊಡ್ಡ ಕೊಪ್ಪರಿಗೆ ಇಟ್ಟು, ಹಗಲೆಲ್ಲ ಗರಿ ಸೋಗೆ ಉರಿಸಿ ಅರಿಶಿನದ ಕೊಂಬು ಬೇಯಿಸುತ್ತಿದ್ದರು. ಅಕ್ಕನ ಕನ್ನಡಕಕ್ಕೆಂದು ಸೀಳಿದ ಪಟ್ಟಿಗಳನ್ನು ಕಟ್ಟಿಕೊಂಡು ನಾವಿಬ್ಬರೂ ಹೋದೆವು. ಅರಿಶಿನದ ಸರದಿ ಮುಗಿದ ಮೇಲೆ ಒಂದಿಷ್ಟು ಹೊಸ ನೀರು ಕಾಯಿಸಿಕೊಳ್ಳುತ್ತೇವೆ ಅಂತ ಯಜಮಾನರು ಸಂಕೋಚದಿಂದ ಕೇಳಿದರು.

ಅಕ್ಕನ ಅತ್ತೆಗೇ ಆ ಮಾತು ಹಿಡಿಸಲಿಲ್ಲ. "ಬರೀ ನೀರಲ್ಲಿ ಬೇಯ್ಸುದ್ರೆ ಏನ್ಬಂತು? ಅರಿಶ್ನದ ಜೊತೇಲೇ ಆಕಿ. ಆಮೇಲೆ ಯಾವ ಉಳಾನೂ ಮುಟ್ಟಕಿಲ್ಲ" ಅಂದರು. ತಾವೇ ಬಂದು ಪಟ್ಟಿಗಳನ್ನು ಕುದಿಯುವ ಕೊಂಬುಗಳ ನಡುವೆ ಕೋಲಿನಿಂದ ಒತ್ತಿದರು. "ಅವ್ಳ ಕಣ್ಣಿಗೆ ಒಳ್ಳೇದಾಗ್ಲಿ" ಅಂತಲೂ ಅಂದರು. ಅವರು ಕೆಟ್ಟವರಲ್ಲ ಅಂತ ನಾನು ಇಂದಿಗೂ ಹೇಳುತ್ತೇನೆ. ಅಲ್ಲಿದ್ದ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನಮ್ಮ ಕಡೆ ಹುಳಕ್ಕೆ ಅರಿಶಿನ, ಗಾಯಕ್ಕೆ ಅರಿಶಿನ, ಹೊಸ್ತಿಲಿಗೆ ಅರಿಶಿನ, ಕಾಳಿನ ಗುಡಾಣಕ್ಕೂ ಅರಿಶಿನ. ಅದು ಯಾರ ಮುಖಕ್ಕೆ ಹೋಗುವ ಬಿದಿರು ಎಂದು ಒಬ್ಬರಿಗಾದರೂ ಹೊಳೆಯಬೇಕಿತ್ತು. ನನಗೂ ಹೊಳೆಯಲಿಲ್ಲ.

ಪಟ್ಟಿಗಳು ನೆರಳಿನಲ್ಲಿ ಒಣಗಿದವು. ಬಿದಿರೇ ಹಳದಿ ಬಣ್ಣದ್ದಾದ್ದರಿಂದ ಅರಿಶಿನ ಹಿಡಿದದ್ದು ತಿಳಿಯಲಿಲ್ಲ. ವಾರ್ನಿಷ್ ಹಚ್ಚಿದರೆ ಅವಳ ಚರ್ಮಕ್ಕೆ ಆಗದು ಅಂತ ಯಜಮಾನರು ಬರೀ ಹರಳೆಣ್ಣೆ ತಿಕ್ಕಿ ನಯ ಮಾಡಿದರು. ಅಕ್ಕ ಆ ಕನ್ನಡಕ ಹಾಕಿಕೊಂಡು ನಮ್ಮ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು. ಕನ್ನಡಿ ಮುಂದೆ ಅಷ್ಟು ಹೊತ್ತು ನಿಂತದ್ದನ್ನು ನಾನು ಭಾವ ಹೋದ ಮೇಲೆ ಕಂಡಿರಲಿಲ್ಲ. "ಮೊರ ಕಟ್ಟೋರು ಮಾಡ್ದಂಗದೆ" ಅಂತ ಅವರನ್ನು ರೇಗಿಸಿದಳು. ಮುಂದಿನ ಸಲ ಬಂದಾಗ ಮೂಗಿನ ಹುಣ್ಣು ಮಾಗಿತ್ತು. ಗಂಟು ಕಡಿಮೆಯಾಗಿದೆ ಅಂತ ಮಾಲೀಕ ತಾನಾಗಿಯೇ ಹೇಳಿದನಂತೆ.

ಒಂದು ಬೆಳಿಗ್ಗೆ ಅಂಗಡಿ ಪಕ್ಕದ ಫೋನ್ ಬೂತಿನವರು ನನ್ನನ್ನು ಕೂಗಿದರು. ಅಕ್ಕ ಚಾಮರಾಜನಗರದಿಂದ ಮಾಡಿದ್ದಳು. "ಅತ್ತೆ ಬಂದವ್ರೆ. ಪೆಟ್ಟಿಗೆ ಕಟ್ಟು ಅಂತಾವ್ರೆ. ನೀವಿಬ್ರೂ ಬನ್ನಿ" ಅಂದಳು. ಏನಾಯಿತು ಅಂದರೆ, "ಮೊಕಕ್ಕೆ ಅರಿಶ್ನ ಅಚ್ಕೊಂಡಿದ್ದೆ ಅಂತಾವ್ರೆ ಕಣಮ್ಮಿ, ನಾನು ಏನೂ ಅಚ್ಕೊಂಡಿಲ್ಲ" ಅಂದಳು. ಅಂಗಡಿ ಬಾಗಿಲು ಹಾಕಿ, ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿದೆವು.

ನಡೆದದ್ದು ಇಷ್ಟು. ಅವರ ಶೆಡ್ಡಿನಲ್ಲಿ ಹೆಚ್ಚಾಗಿ ಬರುತ್ತಿದ್ದದ್ದು ನಮ್ಮ ಕಡೆಯ ಹಳದಿ ಗೂಡು. ಹಿಂದಿನ ದಿನ ಮೊದಲ ಸಲ ಬಿಳಿ ಗೂಡು ಬಂದಿತ್ತು, ಒಳ್ಳೆಯ ಬೆಲೆಯ ಮಾಲು. ಗಂಟಿಲ್ಲದೆ ತೆಗೆಯುವವಳು ಅಂತ ಮಾಲೀಕ ಅಕ್ಕನ ಬೇಸಿನ್ನಿಗೂ ಅದನ್ನೇ ಹಾಕಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಅವಳ ರಾಟೆಯ ಮೇಲೆ ಬಿಳಿ ನೂಲಿನ ನಡುವೆ ಹಳದಿ ಪಟ್ಟೆ ಎದ್ದಿತು. ಮಾಲೀಕ ರಾಟೆ ನಿಲ್ಲಿಸಿ, ನೂಲು ನೋಡಿ, ನೀರು ನೋಡಿ, ಆಮೇಲೆ ಅವಳ ಮುಖ ನೋಡಿದ. ಎರಡೂ ಕೆನ್ನೆಯ ಮೇಲೆ ಅರಿಶಿನ. ಸುತ್ತಲ ಬೇಸಿನ್ನಿನ ಹೆಂಗಸರೂ ನೋಡಿದರು. ಗಂಡ ಸತ್ತವಳ ಮುಖದಲ್ಲಿ ಅರಿಶಿನ. ಅಕ್ಕ ಸೆರಗಿನಿಂದ ಒರೆಸಿಕೊಂಡಳು, ಅರಿಶಿನ ಒರೆಸಿದರೆ ಹೋಗುವ ಬಣ್ಣವೇ? ಇನ್ನಷ್ಟು ಹರಡಿತು. ಗುಟ್ಟಾಗಿ ಎಲ್ಲೋ ತಾಳಿ ಕಟ್ಟಿಸಿಕೊಂಡಿದ್ದಾಳೆ, ಬೆಳಿಗ್ಗೆ ಹಚ್ಚಿಕೊಂಡದ್ದನ್ನು ತೊಳೆಯಲು ಮರೆತು ಬಂದಿದ್ದಾಳೆ ಅಂತ ಯಾರೋ ಅಂದರು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುತ್ತದೆಯೇ. ಅದೇ ಶೆಡ್ಡಿಗೆ ಕುದೇರಿನಿಂದ ಬರುವ ಹೆಂಗಸೊಬ್ಬಳಿದ್ದಳು. ಸಂಜೆ ಬಸ್ಸಿಗೆ ಅವಳ ಜೊತೆ ಮಾತೂ ಊರು ಸೇರಿತು.

ನಾವು ಹೋದಾಗ ಅತ್ತೆ ಕೊಠಡಿಯ ಹೊಸ್ತಿಲ ಹೊರಗೇ ಕೂತಿದ್ದರು. ಒಳಗೆ ಕಾಲಿಡಲಿಲ್ಲವಂತೆ. ಅವರ ಪಕ್ಕದಲ್ಲಿ ಅಕ್ಕನ ತಗಡಿನ ಪೆಟ್ಟಿಗೆ, ಅದರ ಮೇಲೆ ಸುತ್ತಿದ ಚಾಪೆ. ಅಕ್ಕ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಮುಖ ತಿಕ್ಕಿ ತಿಕ್ಕಿ ತೊಳೆದಿದ್ದಳು. ಚರ್ಮ ಕೆಂಪಾಗಿತ್ತು, ಕಿವಿಯ ಪಕ್ಕ ಹಳದಿ ಹಾಗೇ ಇತ್ತು.

"ನಿಮ್ ಸೊಸೆ ಮ್ಯಾಲೆ ಅಷ್ಟೂ ನಂಬ್ಕೆ ಇಲ್ವಾ ಅತ್ತೆ" ಅಂದೆ ನಾನು. ನನ್ನ ದನಿ ಬೀದಿಗೆ ಕೇಳುವಷ್ಟಿತ್ತು.

"ನನ್ಗೆ ನಂಬ್ಕೆ ಅದೆ. ಊರ್ಗಿಲ್ಲ" ಅಂದರು ಅವರು. ಕೂಗಾಡಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾದದ್ದು.

ಅವರೂ ಅಕ್ಕನ ಮದುವೆಯಾದ ಮೇಲೆ ಗಂಡನನ್ನು ಕಳೆದುಕೊಂಡವರೇ. ಅರಿಶಿನ ಬೇಯಿಸಿ, ಉಜ್ಜಿ, ಅವರ ಅಂಗೈ ಹಳದಿ ಕಟ್ಟಿತ್ತು. "ನಿಮ್ ಕೈ ನೋಡ್ಕೊಳಿ. ವರ್ಷೊಂಬತ್ ಕಾಲ ಅರಿಶ್ನದಲ್ಲೇ ಇರ್ತವೆ. ನಿಮ್ಮನ್ನ ಯಾರ್ ಕೇಳುದ್ರು?" ಅಂದೆ.

"ಕೈ ಗೇಯೋದಕ್ಕೆ ಕಣಮ್ಮಿ. ಮೊಕ ಅಂಗಲ್ಲ" ಅಂದರು.

ಈ ಮಾತಿನ ನಡುವೆ ಯಜಮಾನರು ಗೋಡೆಯ ಗೂಡಿನಲ್ಲಿದ್ದ ಕನ್ನಡಕ ತೆಗೆದುಕೊಂಡು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ಗಾಜಿನ ಕೆಳಗಿನ ಅಂಚಿಗೆ ಬೆರಳು ಉಜ್ಜಿದರು. ಬೆರಳು ನೋಡಿದರು. ತುದಿ ಹಳದಿಯಾಗಿತ್ತು.

"ಇದೇ" ಅಂದರು. "ಎಣ್ಣೆ ಇರೋವರ್ಗೂ ಒಳಗೇ ಇತ್ತು. ಆವಿಗೆ ಎಣ್ಣೆ ಓಯ್ತು. ಈಗ ಬಿದಿರು ಅರಿಶ್ನ ಬುಡ್ತಾ ಅದೆ."

ಅತ್ತೆ ಅವರನ್ನೇ ನೋಡಿದರು. "ಕನ್ನಡ್ಕ ಅರಿಶ್ನ ಕಾರ್ತದಾ? ಎಂಡ್ತಿ ಅಕ್ಕ ಅಂತ ಏನ್ ಬೇಕಾದ್ರೂ ಏಳ್ತಿಯಾ?"

"ಶೆಡ್ಗೆ ಹೋಗನ. ನಿಮ್ ಕಣ್ಮುಂದೇನೇ ತೋರುಸ್ತೀನಿ" ಅಂದರು ಯಜಮಾನರು. ತನ್ನ ಕೈಕೆಲಸದಿಂದಲೇ ಹೆಂಗಸೊಬ್ಬಳ ಮಾನ ಹೋಯಿತಲ್ಲ ಎಂಬ ಸಂಕಟ ಅವರಿಗೆ. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಶೆಡ್ಡಿನೊಳಗೆ ಅಕ್ಕನದೊಂದು ಬಿಟ್ಟು ಎಲ್ಲ ಬೇಸಿನ್ನುಗಳೂ ನಡೆಯುತ್ತಿದ್ದವು. ನಾವು ನಾಲ್ವರು ಒಳಗೆ ಹೋದಾಗ ಹೆಂಗಸರು ತಲೆ ಎತ್ತಿದರು, ಮತ್ತೆ ಬಗ್ಗಿಸಿದರು. ಯಜಮಾನರು ಮಾಲೀಕನನ್ನು ಕರೆದು, ಅವನ ಹೆಗಲ ಮೇಲಿದ್ದ ಬಿಳಿ ಟವೆಲನ್ನೇ ಕೇಳಿ ತೆಗೆದುಕೊಂಡರು. ಯಾರೂ ಕೂರದಿದ್ದ ಅಕ್ಕನ ಬೇಸಿನ್ನಿನ ಆವಿಗೆ ಕನ್ನಡಕ ಹಿಡಿದು, ಅದರ ಕೆಳಗೆ ಟವೆಲು ಚಾಚಿದರು. ಮೊದಲು ಏನೂ ಆಗಲಿಲ್ಲ. ಬಿದಿರು ಬೆವರಿ ಮಂಕಾಯಿತು, ಅಷ್ಟೆ. ಆಗದಿದ್ದರೆ ಏನು ಗತಿ ಅಂದುಕೊಂಡೆ. ಅಕ್ಕ ಮಾತ್ರ ಟವೆಲಿನ ಕಡೆ ನೋಡಲಿಲ್ಲ, ರಾಟೆಯ ಕಡೆ ನೋಡುತ್ತಿದ್ದಳು. ಆಮೇಲೆ ಕೆಳಗಿನ ಅಂಚಿನಲ್ಲಿ ಒಂದು ಹನಿ ಕಟ್ಟಿ, ದಪ್ಪವಾಗಿ, ಟವೆಲಿನ ಮೇಲೆ ಬಿತ್ತು. ಹಳದಿ. ಅದರ ಹಿಂದೆ ಇನ್ನೊಂದು.

ಮಾಲೀಕ ಟವೆಲು ಮೂಸಿ ನೋಡಿದ. "ಅರಿಶ್ನಾನೇ" ಅಂದ. ಹತ್ತಿರದ ಬೇಸಿನ್ನಿನ ಮುದುಕಿಯೊಬ್ಬಳು ಎದ್ದು ಬಂದು ಮೂಸಿ, ಉಳಿದವರ ಕಡೆ ತಿರುಗಿ ತಲೆ ಆಡಿಸಿದಳು. ಅಕ್ಕನ ಅತ್ತೆ ಮೂಸಲಿಲ್ಲ. ಪಟ್ಟಿಗಳನ್ನು ಕೊಪ್ಪರಿಗೆಗೆ ಒತ್ತಿದವರು ಯಾರು ಅಂತ ಅವರಿಗೆ ಅಷ್ಟು ಹೊತ್ತಿಗೆ ನೆನಪಾಗಿರಬೇಕು. ಗೋಡೆ ಹಿಡಿದು ನಿಂತುಬಿಟ್ಟರು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮಾಲೀಕ ಅಕ್ಕನ ಕಡೆ ತಿರುಗಿ, "ತಪ್ಪು ತಿಳ್ಕೊಂಬುಟ್ವಿ ಕಣಮ್ಮ, ಮನ್ಸಿಗೆ ಆಕೋಬ್ಯಾಡ" ಅಂದ. ಅವನು ಒರಟನಲ್ಲ. ಆದರೆ ವ್ಯಾಪಾರಸ್ಥ. "ಈ ಕನ್ನಡ್ಕ ಆಕ್ಕೊಂಡು ಮಾತ್ರ ಇಲ್ಲಿ ಕೂರ್ಬ್ಯಾಡ. ಬಿಳಿ ಮಾಲು ಬರ್ತಾ ಅದೆ" ಅಂದ. ಇನ್ನೊಂದು ಮಾಡಿಕೊಡುತ್ತೇನೆ, ಬಿದಿರು ಕಡಿದು ಬೇಯಿಸಿ ಒಣಗಬೇಕು, ಸ್ವಲ್ಪ ಕಾಯಿರಿ ಅಂದರು ಯಜಮಾನರು. ಬೇಸಿನ್ ಖಾಲಿ ಇಡಲು ಆಗುವುದಿಲ್ಲ, ಇನ್ನೊಬ್ಬಳು ಕಾಯುತ್ತಿದ್ದಾಳೆ ಅಂದ ಮಾಲೀಕ. ಅಕ್ಕ ನಿರಪರಾಧಿ ಅಂತ ಎಲ್ಲರಿಗೂ ಗೊತ್ತಾಯಿತು, ಜಾಗ ಮಾತ್ರ ಹೋಯಿತು. ಕೊಠಡಿಯ ಹೊರಗೆ ಕಟ್ಟಿದ ಪೆಟ್ಟಿಗೆ ಕಟ್ಟಿದ ಹಾಗೇ ಇತ್ತು.

ಅತ್ತೆ ಮೆಲ್ಲಗೆ, "ನಡಿಯವ್ವ, ಹೋಗನ. ಅಟ್ಟಿಲಿ ನಿನ್ಗೇನು ಕಮ್ಮಿ" ಅಂದರು. ಆ ಮಾತಿನಲ್ಲಿ ಅಕ್ಕರೆಯೇ ಇತ್ತು.

ಅಕ್ಕ ಯಜಮಾನರ ಕೈಯಿಂದ ಕನ್ನಡಕ ತೆಗೆದುಕೊಂಡಳು. ಟವೆಲಿನ ಒಣ ತುದಿಯಲ್ಲಿ ಗಾಜು ಒರೆಸಿ ಹಾಕಿಕೊಂಡಳು.

"ಹಳದಿ ಗೂಡಿನ ಬೇಸಿನ್ ಕೊಡಣ್ಣ" ಅಂದಳು ಮಾಲೀಕನಿಗೆ. "ಅದಕ್ಕೆ ಅರಿಶ್ನ ಬಿದ್ರೆ ಯಾರಿಗೂ ಕಾಣಕಿಲ್ಲ. ಎಂಗೂ ಬಣ್ಣಕ್ಕೆ ಓಗೋ ನೂಲು."

ಮಾಲೀಕ ತಡವರಿಸಿದ. "ನೂಲು ಸರಿ. ನಿನ್ ಮೊಕ..."

"ಮೊಕ ನಂದು. ನೂಲು ಕೆಡ್ದಿದ್ರೆ ಸಾಕಲ್ವಾ ನಿನ್ಗೆ?"

ಮೂಸಿ ನೋಡಿದ ಆ ಮುದುಕಿ ಹಳದಿ ಗೂಡಿನ ತನ್ನ ಬೇಸಿನ್ ತೋರಿಸಿ, "ಇಲ್ಲಿ ಕೂತ್ಕೊ ಮಗ. ಬಿಳೀದು ನನ್ಗೆ ಬುಡು" ಅಂದಳು. ಮಾಲೀಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಟವೆಲು ಹೆಗಲಿಗೆ ಹಾಕಿಕೊಂಡು ಬಾಯ್ಲರಿನ ಕಡೆ ನಡೆದ. ಅಕ್ಕ ಕೂತಳು. ನೀರಿನೊಳಗೆ ಬೆರಳಾಡಿಸಿ ತುದಿ ಹಿಡಿದು ರಾಟೆಗೆ ಕೊಟ್ಟಳು.

ನಾವು ಮೂವರೂ ಅಲ್ಲೇ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಅವಳ ಮೂಗಿನ ಪಕ್ಕ ಒಂದು ಹಳದಿ ಗೆರೆ ಇಳಿಯಿತು. ಆಮೇಲೆ ಕೆನ್ನೆಯ ಮೇಲೆ. ಅವಳಿಗೆ ಗೊತ್ತಾಗುತ್ತಿಲ್ಲ ಅನ್ನುವ ಹಾಗಿರಲಿಲ್ಲ. ಅತ್ತೆ ಹತ್ತಿರ ಹೋಗಿ ತಮ್ಮ ಸೆರಗಿನ ತುದಿ ಚಾಚಿ, "ಒರುಸ್ಕೊಳವ್ವ" ಅಂದರು. ಬೇಡುವ ದನಿ ಅದು.

"ಕೈ ಬುಡುವಿಲ್ಲ ಅತ್ತೆ. ಬುಟ್ರೆ ಎಳೆ ಅರಿತದೆ" ಅಂದಳು ಅಕ್ಕ. ತಲೆ ಎತ್ತಲಿಲ್ಲ.

ಅವರ ಕೈ ಸೆರಗು ಹಿಡಿದುಕೊಂಡು ಹಾಗೇ ಗಾಳಿಯಲ್ಲಿತ್ತು. ತಾವೇ ಒರೆಸಬಹುದಿತ್ತು, ಒರೆಸಲಿಲ್ಲ. ತಿರುಗಿ ಹೊರಗೆ ನಡೆದರು. ಯಜಮಾನರು ಪೆಟ್ಟಿಗೆಯನ್ನು ಕೊಠಡಿಯ ಒಳಗಿಡಲು ಹೋದರು. ಆ ವಯಸ್ಸಿನ ಹೆಂಗಸನ್ನು ಒಬ್ಬರನ್ನೇ ಬಿಡುವುದು ಸರಿಯಲ್ಲ ಅಂತ ನಾನು ಅವರ ಹಿಂದೆ ಬಸ್ ಸ್ಟ್ಯಾಂಡಿನವರೆಗೆ ಹೋದೆ.

ಕುದೇರಿನ ಬಸ್ಸು ಬರುವವರೆಗೆ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಅವರು ಬೈದರೆ ಬೈಯಲು ನಾನು ಮಾತು ಹುರಿಗೊಳಿಸಿಕೊಂಡು ಕೂತಿದ್ದೆ. ಅವರು ಬೈಯಲಿಲ್ಲ.

"ಮದ್ವೆ ದಿವ್ಸ ಅವ್ಳಿಗೆ ಅರಿಶ್ನ ಅಚ್ಚಿದ್ದು ನಾನೇ ಕಣಮ್ಮಿ" ಅಂದರು. "ಇಂಗೇ ಇತ್ತು ಮೊಕ. ಪಕ್ಕದಲ್ಲಿ ಅವ್ನು ಕೂತಿದ್ದ."

ಅವಳು ನನಗೆ ಅಕ್ಕ, ಸತ್ತವನು ಅವರಿಗೆ ಮಗ. ಅಷ್ಟು ವರ್ಷ ನಾನು ಒಂದು ಕಡೆಯಿಂದಲೇ ನೋಡುತ್ತಿದ್ದೆ.

ಬಸ್ಸು ಬಂತು. ಮೆಟ್ಟಿಲು ಹತ್ತುವ ಮುಂಚೆ ನನ್ನ ಕೈ ಹಿಡಿದುಕೊಂಡರು. "ದುಡ್ಕೊಂಡು ಚೆನ್ನಾಗಿರ್ಲಿ. ನಾನು ಕರೆಯಕ್ಕೆ ಬರಕಿಲ್ಲ. ಅವ್ಳೂ ಅಟ್ಟಿಗೆ ಬರೋದು ಬ್ಯಾಡ ಅಂತ ಏಳು. ಆ ಮೊಕ ನೋಡಕ್ಕಾಗಕಿಲ್ಲ ನನ್ಗೆ" ಅಂದರು. ಕಂಡಕ್ಟರು ಅವಸರ ಮಾಡಿದ. ಕಿಟಕಿ ಪಕ್ಕ ಕೂತವರು ಮತ್ತೆ ನನ್ನ ಕಡೆ ತಿರುಗಲಿಲ್ಲ.

ಸಂಜೆ ಶೆಡ್ಡು ಬಿಡುವ ಹೊತ್ತಿಗೆ ನಾನು ಅಲ್ಲಿದ್ದೆ. ಹೆಂಗಸರೆಲ್ಲ ಹೊರಗಿನ ನಲ್ಲಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ಅಕ್ಕನ ಸರದಿ ಬಂತು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ನಲ್ಲಿ ತಿರುಗಿಸಿ ಬಗ್ಗಿದಳು. "ಏನಂದ್ರು?" ಅಂದಳು. ಮುಚ್ಚಿಡುವುದು ನನಗೆ ಬಾರದು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ, ಮದುವೆ ದಿನದ ಮಾತನ್ನೂ, ಹಟ್ಟಿಗೆ ಬರುವುದು ಬೇಡ ಅಂದದ್ದನ್ನೂ.

ಬೊಗಸೆಯಲ್ಲಿ ತುಂಬಿದ ನೀರು ಬೆರಳ ಸಂದಿಯಿಂದ ಸೋರುತ್ತಿತ್ತು.

"ಅವ್ರು ಪಕ್ಕದಲ್ಲಿ ಕೂತಿದ್ರು ಅಂದ್ರಾ ಅತ್ತೆ?" ಅಂತ ಕೇಳಿದಳು.

"ಹೂಂ ಅಕ್ಕ."

"ನನ್ ಮೊಕ ನೋಡಿ ನಗ್ತಾ ಇದ್ರು ಅವತ್ತು" ಅಂದಳು. ಬೊಗಸೆಯ ನೀರನ್ನು ಹಾಗೇ ಕೆಳಗೆ ಬಿಟ್ಟು ನಲ್ಲಿ ನಿಲ್ಲಿಸಿದಳು. ಮುಖ ತೊಳೆಯದೆ ಕೊಠಡಿಯ ಕಡೆ ನಡೆದಳು.